ದಮ್ಮಿನ ಕಾಯಿಲೆ ಮತ್ತು ಕೈಯಲ್ಲಿರುವ ಫೋನು

ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಒಟ್ಟಿಗೆ ಮೈಮೇಲೆ ಬೀಳುವ ತಿಂಗಳುಗಳಲ್ಲಿ ನಮ್ಮ ತೋಟದ ಮನೆಗಳಲ್ಲಿ ಕೆಮ್ಮಿನ ಸದ್ದೂ ಜೋರಾಗುತ್ತದೆ. ಬೆಳಗಿನ ಚಳಿ, ಕಣದ ಧೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ ಎಲ್ಲವೂ ಸೇರಿ, ವರ್ಷವಿಡೀ ಹೇಗೋ ಸುಧಾರಿಸಿಕೊಂಡು ಬಂದ ಹಿರಿಯರನ್ನು ಹಾಸಿಗೆ ಹಿಡಿಸುತ್ತವೆ. "ವಯಸ್ಸಾಯಿತಲ್ಲ, ದಮ್ಮು ಬಾರದೆ ಇರುತ್ತದೆಯೇ" ಎಂದು ಮನೆಯವರೂ ರೋಗಿಯೂ ಸಮಾಧಾನ ಹೇಳಿಕೊಂಡು ಸುಮ್ಮನಾಗುವುದು ವಾಡಿಕೆ. ಆದರೆ ನಾಲ್ಕು ಹೆಜ್ಜೆಗೆ ಏದುಸಿರು ಬರುವುದು ಬರಿಯ ವಯಸ್ಸಿನ ಲಕ್ಷಣವಲ್ಲ. ಅದು ಕಾಯಿಲೆಯ ಲಕ್ಷಣ. ಹೆಸರಿರುವ, ಅಳತೆಗೆ ಸಿಗುವ, ಪೂರ್ಣ ಗುಣವಾಗದಿದ್ದರೂ ಹತೋಟಿಯಲ್ಲಿ ಇಡಬಹುದಾದ ಕಾಯಿಲೆ.

ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪಯ್ಯನ ಫೋನಿಗೆ ಆರೋಗ್ಯದ ಆಪ್ ಒಂದನ್ನು ಹಾಕಿಕೊಡುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದುಕೊಡುತ್ತಾರೆ. ಎಷ್ಟು ಹೆಜ್ಜೆ ನಡೆದಿರಿ ಎಂದು ಎಣಿಸುವ ಕೈಗಡಿಯಾರವನ್ನೂ ಕಟ್ಟುತ್ತಾರೆ. ಹದಿನೈದು ದಿನ ಎಲ್ಲವೂ ನಡೆಯುತ್ತದೆ. ಆಮೇಲೆ ಆಕ್ಸಿಮೀಟರ್ ಗೋಡೆಯ ಗೂಡು ಸೇರುತ್ತದೆ, ಗಡಿಯಾರದ ಚಾರ್ಜು ಮುಗಿದಿರುತ್ತದೆ, ಅಪ್ಪಯ್ಯ ಮೊದಲಿನಂತೆಯೇ ಜಗಲಿಯ ಕಂಬ ಹಿಡಿದು ಉಸಿರು ತೆಗೆದುಕೊಳ್ಳುತ್ತಿರುತ್ತಾರೆ. ಹಾಗಾದರೆ ಇವೆಲ್ಲ ಬರಿಯ ಆಟಿಕೆಗಳೇ? ಅಥವಾ ಆಸ್ಪತ್ರೆಯಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿ ಇಬ್ಬರೇ ಇರುವ ವೃದ್ಧರಿಗೆ ಇವುಗಳಿಂದ ನಿಜವಾದ ಪ್ರಯೋಜನ ಉಂಟೇ? ಈ ವಿಚಾರದಲ್ಲಿ ಬೇರೆ ಬೇರೆ ದೇಶಗಳಲ್ಲಿ ಸಾಕಷ್ಟು ಪರೀಕ್ಷೆಗಳು ನಡೆದಿವೆ. ಅವುಗಳಿಂದ ನಮಗೆ ಏನು ತಿಳಿಯುತ್ತದೆ, ನಮ್ಮ ಮನೆಗಳಲ್ಲಿ ಅದನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ನೋಡೋಣ.

ಕಾಯಿಲೆ ಯಾವುದು?

ವೈದ್ಯರು ಇದನ್ನು ಸಿ.ಒ.ಪಿ.ಡಿ. ಎಂದು ಕರೆಯುತ್ತಾರೆ. ಹಲವು ವರ್ಷ ಹೊಗೆ, ಧೂಳು ಸೇದಿದ್ದರಿಂದ ಶ್ವಾಸನಾಳಗಳ ಒಳಗೋಡೆ ಊದಿಕೊಂಡು ದಾರಿ ಕಿರಿದಾಗುತ್ತದೆ, ಕಫ ಕಟ್ಟುತ್ತದೆ. ನಾಳಗಳ ತುದಿಯಲ್ಲಿರುವ ಸಣ್ಣ ಗಾಳಿಚೀಲಗಳ ಗೋಡೆಗಳು ಹರಿದುಹೋಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಹಳೆಯ ಗಾಳಿ ಒಳಗೇ ಉಳಿದರೆ ಹೊಸ ಗಾಳಿಗೆ ಜಾಗವೆಲ್ಲಿ? ರೋಗಿಗೆ "ಉಸಿರು ಎಳೆಯಲು ಆಗುವುದಿಲ್ಲ" ಎನಿಸುತ್ತದೆ. ಆದರೆ ಮೂಲ ತೊಂದರೆ ಇರುವುದು ಉಸಿರು ಬಿಡುವುದರಲ್ಲಿ.

ಉಬ್ಬಸ, ಅಂದರೆ ಆಸ್ತಮಾ, ಬೇರೆ. ಅದು ಬಂದು ಹೋಗುತ್ತದೆ. ನಡುವೆ ಉಸಿರಾಟ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಸಿ.ಒ.ಪಿ.ಡಿ. ಬಂದು ಹೋಗುವುದಲ್ಲ, ಬಂದು ಕೂರುವುದು. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಯಾವುದೆಂದು ತಿಳಿಯಲು ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಆಗಬೇಕು. ಎದೆ ತುಂಬ ಉಸಿರು ಎಳೆದುಕೊಂಡು ಒಂದೇ ರಭಸದಲ್ಲಿ ಪೂರ್ತಿ ಊದಬೇಕು. ಶ್ವಾಸನಾಳ ಹಿಗ್ಗಿಸುವ ಮದ್ದು ಕೊಟ್ಟ ಮೇಲೂ, ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲನೆಯ ಒಂದು ಸೆಕೆಂಡಿನಲ್ಲಿ ಬಂದದ್ದು ಶೇಕಡ 70ಕ್ಕಿಂತ ಕಡಿಮೆಯಿದ್ದರೆ ನಾಳಗಳಲ್ಲಿ ಅಡಚಣೆ ಇದೆ ಎಂದರ್ಥ. ಎಕ್ಸ್‌ರೇ ತೆಗೆಸಿದ್ದೇವೆ, ಏನೂ ಇಲ್ಲವೆಂದರು ಎಂದು ಹೇಳುವವರು ಬಹಳ. ಈ ಕಾಯಿಲೆ ಮೊದಲ ಹಂತದಲ್ಲಿ ಎಕ್ಸ್‌ರೇಯಲ್ಲಿ ಕಾಣಿಸದೆ ಇರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಸಲುವಾಗಿ ಕಫ ಪರೀಕ್ಷೆಯೂ ಆಗಲೇಬೇಕು.

ನಮ್ಮ ದೇಶದಲ್ಲಿ ಈ ಕಾಯಿಲೆಯವರ ಸಂಖ್ಯೆ 1990ರಲ್ಲಿ ಸುಮಾರು 2 ಕೋಟಿ 81 ಲಕ್ಷ ಇದ್ದದ್ದು 2016ರ ಹೊತ್ತಿಗೆ 5 ಕೋಟಿ 53 ಲಕ್ಷಕ್ಕೆ ಏರಿತ್ತೆಂದು 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಬೀಡಿ ಸಿಗರೇಟು ಇದರ ದೊಡ್ಡ ಕಾರಣ, ಸಂಶಯವಿಲ್ಲ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ ಬಂದ ಅಂಕ 60 ಮುಟ್ಟಿದರೆ ದೀರ್ಘಕಾಲದ ಕಫಗೆಮ್ಮಿನ ಅಪಾಯ ಗಣನೀಯವಾಗಿ ಹೆಚ್ಚುತ್ತದೆ ಎಂದು ಅದು ತೋರಿಸಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಎಂದರೆ 60 ಆಯಿತು. ನಮ್ಮ ಮನೆಗಳ ಅಮ್ಮಂದಿರ ಲೆಕ್ಕವನ್ನು ನಾವೇ ಹಾಕಿ ನೋಡೋಣ. ಅಡಿಗೆಗೆ ಗ್ಯಾಸ್ ಬಂತು, ನಿಜ. ಬಚ್ಚಲ ಒಲೆ ಹೋಯಿತೇ? ಅಡಿಕೆ ಸಿಪ್ಪೆ, ಕಾಫಿ ಕಸಿಯ ಹಸಿ ಸೌದೆ ಅಲ್ಲಿ ಈಗಲೂ ಹೊಗೆಯಾಡುತ್ತಿದೆ. ಸುಗ್ಗಿಯಲ್ಲಿ ಹಂಡೆಯ ಮುಂದೆ ರಾತ್ರಿ ಹನ್ನೊಂದರವರೆಗೆ ನಿಲ್ಲುವವರ ಗಂಟೆಗಳನ್ನು ಯಾರೂ ಬರೆದಿಟ್ಟಿಲ್ಲ.

ಮಳೆ ಲೆಕ್ಕದ ಹಾಗೆ ಉಸಿರಿನ ಲೆಕ್ಕ

ಸ್ವಂತ ನಿರ್ವಹಣೆ ಎಂದರೆ ವೈದ್ಯರನ್ನು ಬಿಟ್ಟು ನಾವೇ ಮದ್ದು ಮಾಡಿಕೊಳ್ಳುವುದಲ್ಲ. ವೈದ್ಯರನ್ನು ನೋಡುವುದು ವರ್ಷಕ್ಕೆ ನಾಲ್ಕು ಸಲ ಇರಬಹುದು. ಉಳಿದ ಮುನ್ನೂರ ಅರವತ್ತು ದಿನ ಕಾಯಿಲೆಯ ಜೊತೆಗೆ ಇರುವವರು ನಾವು. ಆ ದಿನಗಳಲ್ಲಿ ಮದ್ದನ್ನು ಸರಿಯಾಗಿ ತೆಗೆದುಕೊಳ್ಳುವುದು, ಹೆಚ್ಚುಕಡಿಮೆಯನ್ನು ಬೇಗ ಗುರುತಿಸುವುದು, ಗುರುತಿಸಿದಾಗ ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಿರುವುದು, ಇವಿಷ್ಟೇ ಅದರ ಸಾರ.

ಬೆಳೆಗಾರರಿಗೆ ಇದು ಹೊಸ ವಿದ್ಯೆಯಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಅಂಕಿ ಬರೆದಿಡುವ ಪದ್ಧತಿಯಿದೆ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ವರ್ಷಗಳ ಅಂಕಿ ಎದುರಿಗಿದ್ದಾಗ ಈ ಸಲದ ಹೂಮಳೆ ತಡವಾಯಿತು, ಈ ಸಲ ಆಷಾಢ ಜೋರು ಎಂದು ಹೇಳಬಲ್ಲೆವು. ಉಸಿರಿನ ಲೆಕ್ಕವೂ ಹಾಗೆಯೇ. ನಮ್ಮ ಸಾಧಾರಣ ದಿನ ಹೇಗಿರುತ್ತದೆ ಎಂದು ತಿಳಿದಿದ್ದರೆ ಮಾತ್ರ ಅಸಾಧಾರಣ ದಿನ ಗೊತ್ತಾಗುತ್ತದೆ.

ಬರೆಯಬೇಕಾದದ್ದು ಹೆಚ್ಚೇನಿಲ್ಲ. ಇವತ್ತು ಏದುಸಿರು ಎಂದಿನಷ್ಟೇ ಇದೆಯೇ ಹೆಚ್ಚಿದೆಯೇ. ಕಫ ಎಂದಿನಷ್ಟೇ ಬಂತೇ ಹೆಚ್ಚು ಬಂತೇ. ಅದರ ಬಣ್ಣ ಬಿಳಿಯೇ, ಹಳದಿ ಹಸಿರಿಗೆ ತಿರುಗಿದೆಯೇ. ಈ ಮೂರು ಲಕ್ಷಣಗಳ ಮಹತ್ವವನ್ನು ಕೆನಡಾದ ವಿನಿಪೆಗ್‌ನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಮೂರೂ ಒಟ್ಟಿಗೆ ಹೆಚ್ಚಾದವರಿಗೆ ಆಂಟಿಬಯೊಟಿಕ್ ಮದ್ದಿನಿಂದ ಅನುಕೂಲ ಸ್ಪಷ್ಟವಾಗಿತ್ತು. ಒಂದೇ ಲಕ್ಷಣ ಇದ್ದವರಿಗೆ ಇರಲಿಲ್ಲ. ನಲವತ್ತು ವರ್ಷಗಳ ಹತ್ತಿರವಾದರೂ ವೈದ್ಯರು ಇಂದಿಗೂ ಕೇಳುವುದು ಇದೇ ಮೂರನ್ನು. ನಾಲ್ಕನೆಯದಾಗಿ ಎಷ್ಟು ದೂರ ನಡೆದಿರಿ ಎಂಬುದನ್ನು ಬರೆಯಬಹುದು. "ಪಂಪ್‌ಸೆಟ್ಟಿನವರೆಗೆ ನಿಲ್ಲದೆ ಹೋದೆ", "ದರೆ ಹತ್ತುವಾಗ ಎರಡು ಸಲ ನಿಂತೆ" ಎಂಬ ಒಂದು ಸಾಲು ಸಾಕು. ಹೋದ ತಿಂಗಳು ನಿಲ್ಲದೆ ಹೋದ ಜಾಗಕ್ಕೆ ಈ ತಿಂಗಳು ಎರಡು ಸಲ ನಿಂತರೆ ಅದಕ್ಕಿಂತ ಒಳ್ಳೆಯ ಮಾಪಕ ಬೇರೆ ಬೇಡ.

ಇದನ್ನು ಫೋನಿನಲ್ಲಿ ಬರೆದರೂ ಆಯಿತು, ಕ್ಯಾಲೆಂಡರಿನ ಚೌಕದಲ್ಲಿ ಬರೆದರೂ ಆಯಿತು. ಫೋನಿನ ಹೆಚ್ಚುಗಾರಿಕೆ ಒಂದೇ: ಅದನ್ನು ದೂರದಲ್ಲಿರುವ ಇನ್ನೊಬ್ಬರು ಅದೇ ದಿನ ನೋಡಬಹುದು. ನೋಡಬಹುದು ಎಂದೆವು. ನೋಡುತ್ತಾರೆಯೇ ಎಂಬುದು ಮುಂದಿನ ಮಾತು.

ಹೊರದೇಶಗಳ ಅನುಭವ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಏಳು ಆಸ್ಪತ್ರೆಗಳ 191 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ತರಬೇತಾದವರು ವಾರಕ್ಕೊಮ್ಮೆ ಮನೆಗೆ ಬಂದು ಸುಮಾರು ಎರಡು ತಿಂಗಳು ಕಲಿಸಿದರು. ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿದರು. ಆಪ್ ಇಲ್ಲ, ಯಂತ್ರವಿಲ್ಲ. ಒಂದು ವರ್ಷದಲ್ಲಿ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರುವುದು ಶೇಕಡ 39.8ರಷ್ಟು ಇಳಿಯಿತು.

ಹತ್ತು ವರ್ಷ ಕಳೆದು, 2013ರಲ್ಲಿ, ಸ್ಕಾಟ್ಲೆಂಡಿನ ಲೋಥಿಯನ್ ಸೀಮೆಯಿಂದ ಇನ್ನೊಂದು ವರದಿ ಬಂತು. ಅಲ್ಲಿ 256 ಮಂದಿಯಲ್ಲಿ ಅರ್ಧದಷ್ಟು ಜನರ ಮನೆಗೆ ಪರದೆ ಮುಟ್ಟಿ ಉತ್ತರಿಸುವ ಯಂತ್ರ, ಆಕ್ಸಿಮೀಟರ್ ಎಲ್ಲ ಕೊಟ್ಟು ಪ್ರತಿದಿನದ ವರದಿಯನ್ನು ವೈದ್ಯಕೀಯ ತಂಡಕ್ಕೆ ತಲುಪಿಸುವ ಏರ್ಪಾಡಾಗಿತ್ತು. ಉಳಿದವರಿಗೆ ಯಂತ್ರವಿಲ್ಲ, ಆರೈಕೆ ಮಾತ್ರ ಅದೇ ತಂಡದ್ದು. ಆಸ್ಪತ್ರೆ ಸೇರುವುದು ಯಂತ್ರದಿಂದ ಮುಂದೆ ಹೋಗಲಿಲ್ಲ. ಎರಡೂ ಗುಂಪಿಗೆ ಒಳ್ಳೆಯ ದಾದಿಯರು, ಒಳ್ಳೆಯ ವೈದ್ಯರು ಸಿಕ್ಕಿದ್ದರು; ಅದರ ಮೇಲೆ ಯಂತ್ರ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಯಂತ್ರ ಮಾರುವವರು ಈ ವರದಿಯನ್ನು ನಮಗೆ ತೋರಿಸುವುದಿಲ್ಲ.

ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೊ ಭಾಗದಲ್ಲಿ 464 ರೋಗಿಗಳಿಗೆ ಮನೆಯಲ್ಲಿಯೇ ದಾದಿಯರು ಕಲಿಸಿ ವರ್ಷವಿಡೀ ಬೆಂಬಲ ಕೊಟ್ಟ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಆಸ್ಪತ್ರೆಯ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಆದರೆ ಕಲಿತವರೊಳಗೆ ನೂರಕ್ಕೆ 42 ಮಂದಿ ಅದನ್ನು ನಿಜವಾಗಿ ಕೈಗೂಡಿಸಿಕೊಂಡರು. ಅವರು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಯಾರು ಆ 42 ಮಂದಿ? ವಯಸ್ಸಿನಲ್ಲಿ ಸ್ವಲ್ಪ ಕಿರಿಯರು. ಮತ್ತು ಮನೆಯಲ್ಲಿ ಇನ್ನೊಬ್ಬರ ಜೊತೆಗೆ ವಾಸವಾಗಿದ್ದವರು.

ಈ ಎರಡನೆಯ ಸಂಗತಿ ನಮ್ಮ ಮಲೆನಾಡಿಗೆ ನೇರವಾಗಿ ಮುಟ್ಟುವಂಥದು. ಹತ್ತು ಜನ ಉಣ್ಣುತ್ತಿದ್ದ ಮನೆಗಳಲ್ಲಿ ಈಗ ಇಬ್ಬರು. ಕೆಲವು ಕಡೆ ಒಬ್ಬರೇ. ಮದ್ದು ತೆಗೆದುಕೊಂಡಿರಾ ಎಂದು ಕೇಳುವ ದನಿ ಮನೆಯೊಳಗೆ ಇಲ್ಲದಿದ್ದಾಗ ಆ ದನಿಯನ್ನು ಫೋನಿನಲ್ಲಾದರೂ ತರಬೇಕು. ಆಪ್ ಆ ದನಿಯ ಬದಲಿಗೆ ಬರಲಾರದು. ಮಗಳು ದಿನಕ್ಕೆ ಎರಡು ನಿಮಿಷ ಅಮ್ಮನನ್ನು ಈ ಮೂರು ಪ್ರಶ್ನೆ ಕೇಳಿದರೆ ಅದು ಕ್ವಿಬೆಕ್‌ನ ಫೋನ್ ಕರೆಗೆ ಹತ್ತಿರವಾದದ್ದು. "ಹೇಗಿದ್ದೀಯಮ್ಮ" ಎಂದರೆ "ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುವುದು. ಕಫದ ಬಣ್ಣ ಏನು ಎಂದೇ ಕೇಳಬೇಕು. ಮಾತಾಡುವಾಗ ವಾಕ್ಯದ ನಡುವೆ ಉಸಿರಿಗೆ ನಿಲ್ಲುತ್ತಾರೆಯೇ ಎಂಬುದನ್ನು ಕಿವಿಯೇ ಹೇಳುತ್ತದೆ.

ಇಲ್ಲಿ ಎಚ್ಚರಿಕೆಯ ಒಂದು ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ ಮಾಜಿ ಸೈನಿಕರ 20 ಆಸ್ಪತ್ರೆಗಳಲ್ಲಿ 426 ರೋಗಿಗಳೊಡನೆ ನಡೆದ ಪ್ರಯೋಗವನ್ನು ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ಅದರ ವರದಿ 2012ರಲ್ಲಿ ಬಂತು. ಸ್ವಂತ ನಿರ್ವಹಣೆ ಕಲಿಸಿದ ಗುಂಪಿನಲ್ಲಿ 28 ಸಾವು, ಸಾಮಾನ್ಯ ಆರೈಕೆಯ ಗುಂಪಿನಲ್ಲಿ 10. ಅಲ್ಲಿಯೂ ಫೋನ್ ಕರೆಗಳಿದ್ದವು, ಬರೆದುಕೊಟ್ಟ ಯೋಜನೆಯಿತ್ತು. ಕಾರಣ ಏನೆಂಬುದು ಸಂಶೋಧಕರಿಗೇ ಸ್ಪಷ್ಟವಾಗಲಿಲ್ಲ. ಆದಕಾರಣ ಮನೆಯಲ್ಲಿ ನೋಡಿಕೊಳ್ಳುವ ಕ್ರಮವನ್ನು ನಿರಪಾಯವೆಂದು ತಿಳಿಯಬಾರದು. ನಿಮ್ಮ ಎದೆಗೆ ಕಿವಿಯಿಟ್ಟು ಪರೀಕ್ಷಿಸಿದ ವೈದ್ಯರೇ ಯೋಜನೆ ಬರೆಯಬೇಕು, ಅವರೇ ಆಗಾಗ ತಿದ್ದಬೇಕು.

ಆಪ್‌ಗಳಿಂದ ಒಳಿತಾದ ಉದಾಹರಣೆಗಳೂ ಇವೆ. ಇಂಗ್ಲೆಂಡಿನಲ್ಲಿ "ಮೈ ಸಿ.ಒ.ಪಿ.ಡಿ." ಎಂಬ ಆಪ್ ಇದೆ. ಶ್ವಾಸಕೋಶದ ರೋಗಿಗಳಿಗೆ ಆಸ್ಪತ್ರೆಯಲ್ಲಿ ಆರು ವಾರ ಮಾಡಿಸುವ ವ್ಯಾಯಾಮವನ್ನು ಇದರ ಮೂಲಕ ಮನೆಯಲ್ಲೇ ಮಾಡಿಸಿ 90 ಮಂದಿಯಲ್ಲಿ ಹೋಲಿಸಿ ನೋಡಿದರು. 2017ರ ವರದಿಯ ಪ್ರಕಾರ ಆರು ನಿಮಿಷದಲ್ಲಿ ನಡೆಯುವ ದೂರದಲ್ಲಿ ಮನೆಯವರು ಆಸ್ಪತ್ರೆಯವರಿಗಿಂತ ಹಿಂದೆ ಬೀಳಲಿಲ್ಲ. 2020ರ ಇನ್ನೊಂದು ಸಣ್ಣ ಪರೀಕ್ಷೆಯಲ್ಲಿ, ಆಸ್ಪತ್ರೆಯಿಂದ ಆಗ ತಾನೆ ಮನೆಗೆ ಬಂದ 41 ಮಂದಿಯ ಪೈಕಿ, ಆಪ್ ಬಳಸಿದವರು ಇನ್ಹೇಲರ್ ಹಿಡಿಯುವುದರಲ್ಲಿ ತಪ್ಪು ಕಡಿಮೆ ಮಾಡಿದರು. ಅಂದರೆ ಕಣ್ಣಿಗೆ ತೋರಿಸಿ ಕಲಿಸುವ ಕೆಲಸದಲ್ಲಿ ಫೋನು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ಹೇಲರ್ ಮತ್ತು ಫೋನಿನ ಕ್ಯಾಮೆರಾ

ನಮ್ಮ ಅಭಿಪ್ರಾಯದಲ್ಲಿ ಫೋನಿನಿಂದ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಇನ್ಹೇಲರ್ ಎಂದರೆ ಕೊನೆಯ ಮದ್ದು, ಒಮ್ಮೆ ಹಿಡಿದರೆ ಬಿಡದ ಚಟ ಎಂಬ ಭಯ ಇನ್ನೂ ಹೋಗಿಲ್ಲ. ಲೆಕ್ಕ ನೋಡಿ: ಸಾಲ್ಬುಟಮಾಲ್ ಎಂಬ ಮದ್ದಿನ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಅದೇ ಮದ್ದಿನ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ. ಮಾತ್ರೆ ನಲವತ್ತು ಒತ್ತಿಗೆ ಸಮ. ಮಾತ್ರೆ ಹೊಟ್ಟೆ, ರಕ್ತ ಎಲ್ಲ ಸುತ್ತಿ ಬರಬೇಕು. ಪಂಪು ಬೇಕಾದ ಜಾಗಕ್ಕೇ ತಲುಪಿಸುತ್ತದೆ. ಬುಡಕ್ಕೆ ಹಾಕಬೇಕಾದ ಗೊಬ್ಬರವನ್ನು ತೋಟವಿಡೀ ಎರಚುವುದಕ್ಕೂ ಬುಡಕ್ಕೇ ಹಾಕುವುದಕ್ಕೂ ಇರುವ ವ್ಯತ್ಯಾಸ ನಮಗೆ ಹೇಳಿಕೊಡಬೇಕಾಗಿಲ್ಲ.

ಇನ್ಹೇಲರ್‌ಗಳಲ್ಲಿ ಎರಡು ಕೆಲಸದವು ಇವೆ. ಏದುಸಿರು ಬಂದಾಗ ತಕ್ಷಣ ನಾಳ ಹಿಗ್ಗಿಸುವುದು ಒಂದು. ದಿನಾ ತಪ್ಪದೆ ತೆಗೆದುಕೊಂಡು ಏದುಸಿರು ಬಾರದಂತೆ ಕಾಯುವುದು ಇನ್ನೊಂದು. ಎರಡನೆಯದನ್ನು "ಈಗ ಆರಾಮಿದೆ" ಎಂದು ನಿಲ್ಲಿಸಿಬಿಡುವವರೇ ಜಾಸ್ತಿ. ಕೊಳೆ ಕಂಡ ಮೇಲೆ ಬೋರ್ಡೋ ಹೊಡೆಯುವವರನ್ನು ನಾವು ಏನೆನ್ನುತ್ತೇವೆ? ಮಳೆ ಹಿಡಿಯುವ ಮುಂಚೆ, ಗೊನೆ ಚೆನ್ನಾಗಿರುವಾಗಲೇ ಮೈಲುತುತ್ತು ಸುಣ್ಣ ಕದಡುತ್ತೇವೆ. ಈ ಮದ್ದೂ ಆರಾಮಿದ್ದಾಗ ತೆಗೆದುಕೊಳ್ಳುವ ಮದ್ದು.

ಇನ್ನು ತೆಗೆದುಕೊಳ್ಳುವ ಕ್ರಮ. ಅನಿಲ ಚಿಮ್ಮುವ ಪಂಪ್ ಆದರೆ: ಚೆನ್ನಾಗಿ ಅಲುಗಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರು ಎಳೆಯಲು ಪ್ರಾರಂಭಿಸುತ್ತಿದ್ದಂತೆ ಒತ್ತಿ, ಎಳೆಯುತ್ತಲೇ ಇರಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೆಯ ಒತ್ತಿಗೆ ಅರ್ಧ ನಿಮಿಷವಾದರೂ ಬಿಡಬೇಕು. ಒತ್ತುವುದೂ ಎಳೆಯುವುದೂ ಹೊಂದದ ಹಿರಿಯರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಅದನ್ನು ಕೇಳಿ ಪಡೆಯತಕ್ಕದ್ದು. ಪುಡಿಯ ಕ್ಯಾಪ್ಸೂಲ್ ಹಾಕುವ ಬಗೆಯಾದರೆ ಕ್ರಮ ತಿರುಗುಮುರುಗು: ಜೋರಾಗಿ, ರಭಸದಿಂದ ಎಳೆಯಬೇಕು, ಅದರೊಳಗೆ ಊದಬಾರದು. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರೂ ಉಂಟು! ನಗುವ ಮಾತಲ್ಲ, ಯಾರೂ ತೋರಿಸಿಕೊಡದಿದ್ದರೆ ಕ್ಯಾಪ್ಸೂಲ್ ನುಂಗುವುದೇ ಸಹಜ. ಸ್ಟೀರಾಯ್ಡ್ ಇರುವ ಮದ್ದಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಓದಿ ಇದು ಬರುವುದಿಲ್ಲ. ಹೀಗೆ ಮಾಡಿ. ಮನೆಯಲ್ಲಿ ಯಾರಾದರೂ ಇನ್ಹೇಲರ್ ತೆಗೆದುಕೊಳ್ಳುವುದನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರಿಗೋ ದಾದಿಗೋ ತೋರಿಸಿ. ಅವರು ತಿದ್ದಿ ಸರಿಯಾದ ಕ್ರಮ ತೋರಿಸುವಾಗ, ಅವರ ಒಪ್ಪಿಗೆ ಪಡೆದು ಅದನ್ನೂ ಚಿತ್ರೀಕರಿಸಿಕೊಳ್ಳಿ. ತಿಂಗಳಿಗೊಮ್ಮೆ ಎರಡನ್ನೂ ಹೋಲಿಸಿ. ನಮ್ಮದೇ ಭಾಷೆಯಲ್ಲಿ, ನಮ್ಮದೇ ಮದ್ದಿಗೆ, ನಮ್ಮ ವೈದ್ಯರೇ ಹೇಳಿದ ಆ ಒಂದು ನಿಮಿಷದ ಚಿತ್ರ ನೂರು ಆಪ್‌ಗಿಂತ ಮೇಲು. ಲೈನಿನಲ್ಲಿರುವ ನಮ್ಮ ಆಳುಗಳ ಮನೆಗಳಲ್ಲಿಯೂ ಇದೇ ಕಾಯಿಲೆ ಇದೆ, ಅವರ ಧೂಳು ಹೊಗೆ ನಮ್ಮದಕ್ಕಿಂತ ಹೆಚ್ಚೇ. ಅವರಲ್ಲಿ ದೊಡ್ಡ ಫೋನ್ ಇಲ್ಲದಿದ್ದರೆ ನಮ್ಮದರಲ್ಲಿ ತೋರಿಸಲು ಖರ್ಚೇನೂ ಇಲ್ಲ.

ಮದ್ದು ಮುಗಿಯುವ ದಿನವನ್ನೂ ಫೋನಿನಲ್ಲಿ ಗುರುತು ಹಾಕಿಡಬಹುದು. ಡಬ್ಬಿಯ ಮೇಲೆ ಎಷ್ಟು ಒತ್ತು ಎಂದು ಮುದ್ರಿಸಿರುತ್ತದೆ. 120 ಒತ್ತಿನದಾದರೆ, ದಿನಕ್ಕೆ ನಾಲ್ಕರಂತೆ 30 ದಿನ. ಇಪ್ಪತ್ತೈದನೆಯ ದಿನಕ್ಕೆ ಫೋನು ಗಂಟೆ ಹೊಡೆಯಲಿ. ಮದ್ದು ಮುಗಿದ ಮೇಲೂ ಪಂಪು ಬುಸ್ ಎನ್ನುತ್ತಲೇ ಇರುತ್ತದೆ, ಅದನ್ನು ನಂಬಬಾರದು.

ಹಸಿರು, ಹಳದಿ, ಕೆಂಪು

ವೈದ್ಯರಿಂದ ಒಂದು ಹಾಳೆ ಬರೆಸಿಕೊಳ್ಳಬೇಕು. ಹಸಿರು ಎಂದರೆ ಎಂದಿನ ದಿನ: ಯಾವ ಮದ್ದು, ಎಷ್ಟು ಸಲ. ಹಳದಿ ಎಂದರೆ ಮೇಲೆ ಹೇಳಿದ ಮೂರು ಲಕ್ಷಣಗಳಲ್ಲಿ ಎರಡಾದರೂ ಎಂದಿಗಿಂತ ಹೆಚ್ಚಾಗಿ ಮರುದಿನವೂ ಇಳಿಯದ ಸ್ಥಿತಿ: ತಕ್ಷಣದ ಪಂಪನ್ನು ಎಷ್ಟಕ್ಕೆ ಏರಿಸಬೇಕು, ಮನೆಯಲ್ಲಿಟ್ಟ ಮಾತ್ರೆ ಪ್ರಾರಂಭಿಸಬೇಕೇ, ಯಾರಿಗೆ ಫೋನ್ ಮಾಡಬೇಕು. ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ನಾವು ಇಲ್ಲಿ ಬರೆಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅದು ಬೇರೆಯಾಗುತ್ತದೆ. ಕೆಂಪು ಎಂದರೆ ಒಂದು ವಾಕ್ಯ ಪೂರ್ತಿ ಮಾಡಲಾಗದ ಏದುಸಿರು, ತುಟಿ ಉಗುರು ನೀಲಿಯಾಗುವುದು, ಹೊಸದಾಗಿ ಎದೆನೋವು, ಮಂಪರು, ಮಾತು ತಡಬಡಿಸುವುದು. ಆಗ ಆಪ್ ತೆರೆಯುವುದಲ್ಲ, 108ಕ್ಕೆ ಕರೆ ಮಾಡುವುದು. ಒಳದಾರಿಯಲ್ಲಿ ಆಂಬುಲೆನ್ಸ್ ಮನೆವರೆಗೆ ಬಾರದಿದ್ದರೆ ಯಾರ ಜೀಪು, ಯಾವ ಸಂಖ್ಯೆ ಎಂಬುದೂ ಆ ಹಾಳೆಯಲ್ಲೇ ಇರಲಿ.

ಹಳದಿ ದಿನದ ಮೊದಲ ಎರಡು ದಿನಗಳೇ ಮುಖ್ಯ. ಕೊಯ್ಲು ಮುಗಿಯಲಿ, ಆಳು ಹೋಗಲಿ, ಶನಿವಾರ ಪೇಟೆಗೆ ಹೋದಾಗ ನೋಡೋಣ ಎಂದು ಮುಂದೂಡಿದ್ದು ಕೆಂಪು ದಿನವಾಗಿ ಬರುತ್ತದೆ. ಪೇಟೆಗೆ ಹೋಗಲಾಗದಿದ್ದರೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಎಂಬ ಉಚಿತ ದೂರವೈದ್ಯ ಸೇವೆಯಿದೆ. 2020ರ ಏಪ್ರಿಲ್‌ನಿಂದ ಮನೆಯಿಂದಲೇ ವೈದ್ಯರೊಡನೆ ಮಾತಾಡುವ ಅವಕಾಶವನ್ನು ಅದು ಕೊಟ್ಟಿತು. ಆ ವೈದ್ಯರಿಗೆ ನಮ್ಮ ಎದೆಯ ಸದ್ದು ಕೇಳಿಸದು. ಆದ್ದರಿಂದ ಲೆಕ್ಕದ ಪುಸ್ತಕ, ಯೋಜನೆಯ ಹಾಳೆ ಎದುರಿಗಿಟ್ಟುಕೊಂಡೇ ಮಾತಾಡಬೇಕು.

ನೆಟ್‌ವರ್ಕ್ ವಿಚಾರ ಹೇಳದೆ ಈ ಭಾಗ ಮುಗಿಯುವುದಿಲ್ಲ. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದೆ ಟವರ್ ಸತ್ತಾಗ, ಇಂಟರ್ನೆಟ್ಟಿನಲ್ಲಿ ಕುಳಿತಿರುವ ಆಪ್ ಕೈಗೆ ಸಿಗುವುದಿಲ್ಲ. ಯೋಜನೆಯ ಹಾಳೆಯ ಫೋಟೊ ಮಕ್ಕಳ ಫೋನಿನಲ್ಲಿರಲಿ, ಮೂಲ ಪ್ರತಿ ಗೋಡೆಯ ಮೇಲೇ ಇರಲಿ. ಮನೆಯ ಯಾವ ಮೂಲೆಯಲ್ಲಿ, ಯಾವ ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ರೋಗಿಯಲ್ಲದ ಇನ್ನೊಬ್ಬರು ತಿಳಿದಿರಬೇಕು. ದಮ್ಮು ಕಟ್ಟಿದವರು ಗುಡ್ಡ ಹತ್ತಲಾರರು.

ಆಕ್ಸಿಮೀಟರ್ ಮತ್ತು ಆಮ್ಲಜನಕ

2020 ಮತ್ತು 2021ರ ಕೊರೋನಾ ಕಾಲದಲ್ಲಿ ಆಕ್ಸಿಮೀಟರ್ ಮನೆಮನೆಗೂ ಬಂತು. ಆಗ 94ಕ್ಕಿಂತ ಇಳಿದರೆ ಓಡಿ ಎಂದು ಕಲಿತೆವು. ಸಿ.ಒ.ಪಿ.ಡಿ. ಬಲಿತವರಲ್ಲಿ ಎಂದಿನ ಅಂಕಿಯೇ 90ರ ಆಸುಪಾಸು ಇರಬಹುದು. ಹೆದರಿಕೆಗೆ ಕಾರಣ ಅಂಕಿಯಲ್ಲ, ಅದು ತನ್ನ ಎಂದಿನ ಮಟ್ಟದಿಂದ ಇಳಿಯುವುದು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಯಂತ್ರ ತಪ್ಪು ತೋರಿಸುತ್ತದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಇದ್ದುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಅಂಕಿ ಚೆನ್ನಾಗಿದ್ದು ರೋಗಿ ಏದುತ್ತಿದ್ದರೆ ರೋಗಿಯನ್ನು ನಂಬಬೇಕು, ಯಂತ್ರವನ್ನಲ್ಲ.

ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಏದುಸಿರು ಹೆಚ್ಚಾಯಿತೆಂದು ತಿರುಪನ್ನು ತಾವಾಗಿ ಏರಿಸಬಾರದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಸಾಗಿಸಿದ 405 ರೋಗಿಗಳ ಪರೀಕ್ಷೆಯ ವರದಿ 2010ರಲ್ಲಿ ಬಂತು. ಅಂಕಿ 88ರಿಂದ 92ರ ನಡುವೆ ಇರುವಷ್ಟೇ ಆಮ್ಲಜನಕ ಕೊಟ್ಟವರಲ್ಲಿ ಸಾವು, ಧಾರಾಳವಾಗಿ ಕೊಟ್ಟವರಿಗಿಂತ ಬಹಳ ಕಡಿಮೆಯಿತ್ತು. ಈ ಕಾಯಿಲೆಯಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲಾಮ್ಲ ಏರಿ ರೋಗಿ ಮಂಪರಿಗೆ ಜಾರಬಹುದು. ನೀರು ಹೆಚ್ಚಾದರೂ ಬಳ್ಳಿ ಕೊಳೆಯುತ್ತದಷ್ಟೆ.

ನಡಿಗೆ, ಉಸಿರು, ಹೊಗೆ

ಏದುಸಿರು ಬರುತ್ತದೆಂದು ಕುಳಿತವರ ಕಾಲಿನ ಶಕ್ತಿ ಕುಗ್ಗುತ್ತದೆ. ಕುಗ್ಗಿದ ಕಾಲಿಗೆ ಇನ್ನೂ ಬೇಗ ಏದುಸಿರು. ವೈದ್ಯರ ಒಪ್ಪಿಗೆ ಪಡೆದು ಮಟ್ಟಸವಾದ ಕಣದಲ್ಲಿ ದಿನಾ ನಡೆಯಬೇಕು. ಹೆಜ್ಜೆ ಎಣಿಸುವ ಗಡಿಯಾರ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ, ಎರಡರಷ್ಟು ಹೊತ್ತು ನಿಧಾನವಾಗಿ ಬಿಡುವುದನ್ನು ರೂಢಿಸಿಕೊಳ್ಳಬೇಕು. ಒಲೆಗೆ ಊದುಗೊಳವೆ ಊದುವಂತೆ ಅಲ್ಲ. ಎದುರಿನ ದೀಪ ಆರದೆ ಬಳುಕುವಷ್ಟು.

ಹೊಗೆ ನಿಲ್ಲದೆ ಇದೆಲ್ಲ ತೂತು ಕೊಡಕ್ಕೆ ನೀರು. ಬೀಡಿ ಬಿಡುವುದು ಮೊದಲನೆಯದು. ಬಚ್ಚಲ ಒಲೆಗೆ ಸೂರು ದಾಟುವ ಹೊಗೆಕೊಳವೆ, ಒಣಗಿದ ಸೌದೆ. ಅಡಿಕೆ ಹಂಡೆಯ ಒಲೆಯನ್ನು ಗೋಡೆಯಿಲ್ಲದ ಮಾಡಿಗೆ ಸ್ಥಳಾಂತರಿಸುವುದು. ಚಾಲಿ ಸುಲಿಯುವಾಗ, ಕಾಫಿ ಹಲ್ಲರ್ ನಡೆಯುವಾಗ ಈ ಕಾಯಿಲೆಯವರು ಅಲ್ಲಿರದಂತೆ ನೋಡಿಕೊಳ್ಳುವುದು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಮಳೆಗಾಲಕ್ಕೆ ಮುಂಚೆಯೇ ವೈದ್ಯರನ್ನು ಕೇಳಬೇಕು.

ಈ ಸುಗ್ಗಿ ಮುಗಿದ ಮೇಲೆ ಊದುವ ಪರೀಕ್ಷೆಗೆ ಹೋಗಬೇಕೆಂದಿರುವ ಸದಸ್ಯರು ಈಗ ಬಳಸುತ್ತಿರುವ ಎಲ್ಲ ಮದ್ದುಗಳನ್ನೂ, ಖಾಲಿ ಡಬ್ಬಿಗಳನ್ನೂ ಸೇರಿಸಿ ಚೀಲದಲ್ಲಿ ಒಯ್ಯಿರಿ. ಎರಡು ವಾರದ ಉಸಿರಿನ ಲೆಕ್ಕ, ಇನ್ಹೇಲರ್ ತೆಗೆದುಕೊಳ್ಳುವ ಚಿತ್ರ, ಒಲೆಯ ಮುಂದಿನ ಗಂಟೆ ವರ್ಷಗಳ ಗುಣಾಕಾರ ಜೊತೆಗಿರಲಿ. ಪರೀಕ್ಷೆಯ ದಿನ ಬೆಳಿಗ್ಗೆ ಯಾವ ಇನ್ಹೇಲರ್ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂಬುದನ್ನು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಹೊಟ್ಟೆ ಬಿರಿಯೆ ಉಂಡು ಹೋದರೆ ಊದಲಾಗುವುದಿಲ್ಲ.